ಒಬ್ಬ ಪ್ಯಾರಾಟ್ರೂಪರ್, ಐದು ಕಾಗದ, ಒಂದು ತಾರೀಖು

ವಿಡಿಯೋದಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದನ್ನ ಸ್ವಲ್ಪ ತಿದ್ದಿ, ಸ್ವಲ್ಪ ಕತ್ತರಿಸಿ ಇಲ್ಲಿ ಹಾಕಿದ್ದೀನಿ. ಹಿಂಜೆವಾಡಿ ಟ್ರಾಫಿಕ್‌ನಲ್ಲೋ ಮುಂಬೈ ಲೋಕಲ್‌ನಲ್ಲೋ ಇಯರ್‌ಫೋನ್ ಮರೆತು ಕೂತಿರೋರು ಓದ್ಕೊಳ್ಳಿ.

ಆರು ವರ್ಷದ ಹಿಂದೆ ಕಂಪನಿ ನನ್ನನ್ನ ಏಳು ತಿಂಗಳು ಜರ್ಮನಿಗೆ ಆನ್‌ಸೈಟ್ ಕಳಿಸಿತ್ತು. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಬಂದ್. ಹಾಗಾಗಿ ಶನಿವಾರವೇ ಎಲ್ಲ ಮುಗಿಸಬೇಕು. ದಿನಸಿ ತರೋಕೆ ಹೋಗೋ ದಾರಿಯಲ್ಲಿ ಒಂದು ಹಳೇ ಸಾಮಾನಿನ ಸಂತೆ. ಪಿಂಗಾಣಿ ಬಟ್ಟಲು, ತುಕ್ಕು ಹಿಡಿದ ಸುತ್ತಿಗೆ, ಯಾರ್ಯಾರದ್ದೋ ಮದುವೆ ಫೋಟೋ. ಅದರ ಮಧ್ಯೆ ಒಬ್ಬ ಅಜ್ಜ ಪ್ಲಾಸ್ಟಿಕ್ ಫೋಲ್ಡರ್‌ಗಳನ್ನ ಹರಡಿಕೊಂಡು ಕೂತಿದ್ದ. ಪ್ರತಿ ಕಾಗದದಲ್ಲೂ ಹದ್ದಿನ ಚಿತ್ರ. ಹದ್ದಿನ ಕಾಲಿನ ಹತ್ತಿರ ಮಾತ್ರ ಒಂದೊಂದು ಚಿಕ್ಕ ಬಿಳಿ ಸ್ಟಿಕ್ಕರ್. ಅಲ್ಲಿ ನಾಜಿ ಸ್ವಸ್ತಿಕವನ್ನ ಸಾರ್ವಜನಿಕವಾಗಿ ತೋರಿಸೋದು ಅಪರಾಧ. ಸಂಶೋಧನೆ, ಪಾಠ ಇಂಥದ್ದಕ್ಕೆ ವಿನಾಯಿತಿ ಇದೆ. ಮಾರೋರು ಸ್ಟಿಕ್ಕರ್ ಹಚ್ಚಿ ಮಾರ್ತಾರೆ.

ಒಂದು ಫೋಲ್ಡರ್‌ನಲ್ಲಿ ಆರು ಕಾಗದ ಇದ್ದವು. ಆರೂ ಒಬ್ಬನೇ ಮನುಷ್ಯನದ್ದು. ಅವನು ಫಾಲ್‌ಶಿರ್ಮ್‌ಯೇಗರ್, ಅಂದ್ರೆ ಜರ್ಮನ್ ಪ್ಯಾರಾಟ್ರೂಪರ್. ಹೆಸರು ಹೇಳಲ್ಲ. ಅವನ ಮೊಮ್ಮಕ್ಕಳು ಎಲ್ಲೋ ಇರ್ತಾರೆ, ಅವರಿಗೂ ಇದಕ್ಕೂ ಸಂಬಂಧ ಇಲ್ಲ. ಒಂದು ಕಾಗದದಲ್ಲಿ ಅವನಿಗೆ ಓಬರ್‌ಯೇಗರ್ ಅಂತ ಬಡ್ತಿ ಸಿಕ್ಕಿದೆ, ನಮ್ಮ ನಾಯಕ್ ಥರದ ದರ್ಜೆ. ಹಾಗಾಗಿ ಓಬರ್‌ಯೇಗರ್ ಅಂತಲೇ ಕರೀತೀನಿ.

ಅಜ್ಜ ಹೇಳಿದ್ದು ಇಷ್ಟೇ: ಆರೂ ತಗೊಂಡ್ರೆ ಒಂದು ರೇಟು, ಬಿಡಿಬಿಡಿಯಾಗಿ ಬೇಕಾದ್ರೂ ಕೊಡ್ತೀನಿ. ಎಲ್ಲದರ ಬೆಲೆ ಸೇರಿಸಿದ್ರೆ ನನ್ನ ಒಂದೂವರೆ ತಿಂಗಳ ಪರ್ ಡಿಯೆಮ್. ಆ ದುಡ್ಡನ್ನ ಹೇಗೆ ಉಳಿಸ್ತೀವಿ ಅಂತ ನಿಮಗೆ ಗೊತ್ತಲ್ಲ, ಮೂರು ಹೊತ್ತೂ ಅನ್ನ-ಮೊಸರು. ಫೋನಲ್ಲಿ ಒಂದು ಫೋಟೋ ತೆಗೆದುಕೊಂಡು, ಯೋಚನೆ ಮಾಡ್ತೀನಿ ಅಂತ ಹೇಳಿ ಬಂದೆ.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಹಾಸನಕ್ಕೆ ಫೋಟೋ ತೋರಿಸಿದೆ. ಅಮ್ಮ ಕನ್ನಡಕ ಸರಿಮಾಡ್ಕೊಂಡು ನೋಡಿ, "ಯಾರದ್ದೋ ಲಗ್ನಪತ್ರಿಕೆ?" ಅಂದ್ರು. ಒಂದು ಸ್ಟಿಕ್ಕರ್ ಸ್ವಲ್ಪ ಜಾರಿತ್ತು, ಕೆಳಗಿದ್ದ ಸ್ವಸ್ತಿಕ ಕಂಡಿತ್ತು. ಅವರು ದಿನಾ ಹೊಸಿಲ ಮೇಲೆ ಬರೆಯೋದೂ ಅದನ್ನೇ ತಾನೇ. ನನ್ನ ಹೆಂಡತಿಗೆ ಅದು ಯಾವ ಸ್ವಸ್ತಿಕ ಅಂತ ಗೊತ್ತಿತ್ತು. "ಅದನ್ನ ಮನೆಗೆ ತಂದು ಎಲ್ಲಿ ಇಡ್ತೀರಿ? ಯಾಕೆ ಬೇಕು?" ಅಂದಳು. ಎಲ್ಲಿ ಅನ್ನೋದಕ್ಕೆ ಉತ್ತರ ಇತ್ತು, ಯಾಕೆ ಅನ್ನೋದಕ್ಕೆ ಇರಲಿಲ್ಲ. ಈಗ ಸ್ವಲ್ಪ ಇದೆ.

ಮುಂದಿನ ಶನಿವಾರ ಹೋದಾಗ ಫೋಲ್ಡರ್‌ನಲ್ಲಿ ಐದೇ ಇದ್ದವು. ಆರನೇದು ಎಲ್ಲಿ ಅಂತ ಕೇಳಿದೆ. ಬೆಳಿಗ್ಗೆ ಬಂದ ಮೊದಲ ಗಿರಾಕಿ ತಗೊಂಡು ಹೋದನಂತೆ. ಅದು ಗಾಯದ ಬ್ಯಾಡ್ಜಿನ ಕಾಗದ, ಎಲ್ಲಕ್ಕಿಂತ ಅಗ್ಗದ್ದು. ಅಗ್ಗದ್ದಲ್ವಾ, ಹೋಗಲಿ ಅಂದ್ಕೊಂಡೆ. ಉಳಿದ ಐದನ್ನ ತಗೊಂಡೆ. ಇಂಥ ಕಾಗದ ಕೂಡಿಡೋ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ, ಒಂದು ವಾರ ಯೋಚನೆ ಮಾಡಿದ್ದು.

ಮೊದಲು ಈ ಕಾಗದಗಳು ಹೇಗಿರ್ತವೆ ಅಂತ ಹೇಳ್ತೀನಿ. ಪದಕ ಅಂದ ತಕ್ಷಣ ನಮಗೆ ಲೋಹ ನೆನಪಾಗುತ್ತೆ. ಆದ್ರೆ ಒಂದು ಐರನ್ ಕ್ರಾಸ್ ಕೈಯಲ್ಲಿದ್ರೆ ಅದು ಯಾರದ್ದು ಅಂತ ಗೊತ್ತಾಗಲ್ಲ, ಲಕ್ಷಗಟ್ಟಲೆ ಹಂಚಿದ್ದಾರೆ, ಮೇಲೆ ಹೆಸರಿರಲ್ಲ. ಹೆಸರಿರೋದು ಜೊತೆಗೆ ಕೊಡೋ ಕಾಗದದಲ್ಲಿ. ಹೆಚ್ಚಿನವು ಎ5 ಅಳತೆ. ನಮ್ಮ ಆಫೀಸ್ ಪ್ರಿಂಟರ್‌ನಲ್ಲಿರೋ ಎ4 ಇದೆಯಲ್ಲ, ಅದೇ ಕುಟುಂಬ. ಆ ಅಳತೆಗಳನ್ನ 1922ರಲ್ಲಿ ಡಿನ್ ಅನ್ನೋ ಜರ್ಮನ್ ಮಾನಕದಲ್ಲಿ ನಿಗದಿ ಮಾಡಿದ್ದು. ಫಾರಂ ಮೊದಲೇ ಅಚ್ಚಾಗಿರುತ್ತೆ. ಖಾಲಿ ಜಾಗದಲ್ಲಿ ದರ್ಜೆ, ಹೆಸರು, ಘಟಕ, ತಾರೀಖು ಟೈಪ್ ಮಾಡಿರ್ತಾರೆ. ಕೆಳಗೆ ದುಂಡನೆ ಸೀಲು, ಪಕ್ಕದಲ್ಲಿ ಅಧಿಕಾರಿಯ ಸಹಿ. ಘಟಕದ ಹೆಸರು ಶತ್ರುವಿಗೆ ತಿಳೀಬಾರದು ಅಂತ ಎಷ್ಟೋ ಸಲ ಐದಂಕಿಯ ಫೀಲ್ಡ್ ಪೋಸ್ಟ್ ನಂಬರ್ ಮಾತ್ರ ಹಾಕಿರ್ತಾರೆ.

ನಕಲಿ ಬೇಕಾದಷ್ಟಿವೆ. ಪ್ಯಾರಾಟ್ರೂಪರ್ ಅಂದ್ರೆ ಇನ್ನೂ ಜಾಸ್ತಿ, ಯಾಕಂದ್ರೆ ಬೆಲೆ ಜಾಸ್ತಿ. ನೋಟು ಪರೀಕ್ಷೆ ಮಾಡೋ ಯುವಿ ಟಾರ್ಚ್ ಒಂದಿದ್ರೆ ಅರ್ಧ ಮೋಸ ತಪ್ಪುತ್ತೆ. ಕಾಗದ ಬೆಳ್ಳಗೆ ಕಾಣಲಿ ಅಂತ ಸೇರಿಸೋ ರಾಸಾಯನಿಕ 1950ರ ನಂತರ ಬಳಕೆಗೆ ಬಂದದ್ದು, ಟಾರ್ಚ್ ಕೆಳಗೆ ಅದು ನೀಲಿಯಾಗಿ ಹೊಳೆಯುತ್ತೆ. 1941ರ ಕಾಗದ ಹೊಳೆದರೆ ಕಥೆ ಅಲ್ಲಿಗೇ ಮುಗೀತು. ಹೊಳೆಯದಿದ್ರೆ ಅಸಲಿ ಅಂತೇನಿಲ್ಲ, ಹಳೇ ಪುಸ್ತಕದ ಖಾಲಿ ಹಾಳೆ ಹರಿದು ನಕಲಿ ಮಾಡೋರೂ ಇದ್ದಾರೆ. ಅಚ್ಚಿನ ಅಕ್ಷರ ಕಾಗದದಲ್ಲಿ ಒತ್ತಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡಬೇಕು, ಭೂತಗನ್ನಡಿಯಲ್ಲಿ ಇಂಕ್‌ಜೆಟ್ ಚುಕ್ಕಿ ಹುಡುಕಬೇಕು. ಎಲ್ಲಕ್ಕಿಂತ ಮುಖ್ಯ, ಒಬ್ಬನದ್ದೇ ಹಲವು ಕಾಗದ ಇದ್ದಾಗ ಒಂದನ್ನ ಇನ್ನೊಂದರ ಜೊತೆ ತಾಳೆ ನೋಡೋದು. ದರ್ಜೆ ಹೊಂದುತ್ತಾ? ಘಟಕ ಹೊಂದುತ್ತಾ? ತಾರೀಖು ಒಂದರ ಹಿಂದೆ ಒಂದು ಬರುತ್ತಾ? ಡೇಟಾಬೇಸ್‌ನಲ್ಲಿ ನಾವು ಮಾಡೋ ಕೆಲಸವೇ. ಬಿಡಿ ಕಾಗದ ಕೊಂಡ್ರೆ ಈ ತಾಳೆ ಸಾಧ್ಯವೇ ಇಲ್ಲ.

ನನ್ನ ಹತ್ತಿರ ಇರೋದರಲ್ಲಿ ಹಳೇದು ಪ್ಯಾರಾಶೂಟ್ ಬ್ಯಾಡ್ಜಿನ ಕಾಗದ, 1940ರದ್ದು. ಈ ಬ್ಯಾಡ್ಜ್ ಶುರುವಾಗಿದ್ದು 1936ರ ನವೆಂಬರ್ 5ರಂದು. ಕೆಳಮುಖವಾಗಿ ಎರಗ್ತಿರೋ ಬಂಗಾರದ ಬಣ್ಣದ ಹದ್ದು. ಆರು ಸಲ ಹಾರಿದವನಿಗೆ ಸಿಗ್ತಿತ್ತು. ಈ ಜನ ಭೂಸೇನೆಯವರಲ್ಲ, ವಾಯುಪಡೆ ಲುಫ್ಟ್‌ವಾಫೆಯವರು. ಕಟ್ಟಿ ಬೆಳೆಸಿದ್ದು ಜನರಲ್ ಕುರ್ಟ್ ಸ್ಟುಡೆಂಟ್.

ಅವರ ಪ್ಯಾರಾಶೂಟಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಮುಂದಿನದ್ದಕ್ಕೆಲ್ಲ ಅದು ಬೇಕು. ಅದರ ಹಗ್ಗಗಳು ಭುಜಕ್ಕೆ ಕಟ್ಟಿರಲಿಲ್ಲ, ಬೆನ್ನ ಮೇಲೆ ಒಂದೇ ಕಡೆ ಸೇರ್ತಿದ್ದವು. ಹಾರಿದವನು ಬೆಕ್ಕಿನ ಮರಿಯನ್ನ ಕತ್ತು ಹಿಡಿದು ಎತ್ತಿದ ಹಾಗೆ ಮುಂದಕ್ಕೆ ಬಾಗಿ ನೇತಾಡ್ತಾ ಇಳೀತಿದ್ದ. ದಿಕ್ಕು ತಿರುಗಿಸೋಕೆ ಆಗಲ್ಲ. ನೆಲಕ್ಕೆ ಬೀಳೋದು ಮುಂದಕ್ಕೆ, ಮಂಡಿ-ಕೈ ಊರಿ. ಹಾಗಾಗಿ ಹೆಚ್ಚಿನವರು ಬಂದೂಕು ಹಿಡಿದು ಹಾರೋಕೆ ಆಗ್ತಿರಲಿಲ್ಲ. ಪಿಸ್ತೂಲು, ಚಾಕು, ಗ್ರೆನೇಡ್ ಅಷ್ಟೇ. ರೈಫಲ್, ಮೆಷಿನ್‌ಗನ್ ಎಲ್ಲ ಬೇರೆ ಪೆಟ್ಟಿಗೆಯಲ್ಲಿ ಬೇರೆ ಪ್ಯಾರಾಶೂಟಿನಲ್ಲಿ ಬೀಳ್ತಿದ್ದವು. ಇಳಿದ ಮೇಲೆ ಓಡಿ ಹೋಗಿ ಪೆಟ್ಟಿಗೆ ಹುಡುಕಬೇಕು.

1941ರ ಮೇ 20ರ ಬೆಳಿಗ್ಗೆ ಕ್ರೀಟ್ ದ್ವೀಪದಲ್ಲಿ ಇದೇ ಆಗಿದ್ದು. ಗ್ರೀಸ್‌ನ ಆ ದ್ವೀಪದಲ್ಲಿ ಬ್ರಿಟಿಷ್, ಆಸ್ಟ್ರೇಲಿಯನ್, ನ್ಯೂಜಿಲೆಂಡ್, ಗ್ರೀಕ್ ಸೈನಿಕರಿದ್ದರು. ಜರ್ಮನ್ನರ ಸಂಕೇತ ಸಂದೇಶಗಳನ್ನ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಒಡೆದು ಓದಿದ್ದರು, ಹಾಗಾಗಿ ಪ್ಯಾರಾಟ್ರೂಪರ್‌ಗಳು ಬರೋದು ದ್ವೀಪದ ಕಮಾಂಡರ್ ಫ್ರೈಬರ್ಗ್‌ಗೆ ಮೊದಲೇ ಗೊತ್ತಿತ್ತು. ನಮ್ಮ ಓಬರ್‌ಯೇಗರ್ ಇದ್ದದ್ದು ಸ್ಟುರ್ಮ್ ರೆಜಿಮೆಂಟ್‌ನ 3ನೇ ಬೆಟಾಲಿಯನ್‌ನಲ್ಲಿ, ಬಡ್ತಿ ಕಾಗದದಲ್ಲಿ ಹಾಗಿದೆ. ಆ ಬೆಟಾಲಿಯನ್ ಇಳಿದದ್ದು ಮಾಲೆಮೆ ವಿಮಾನ ನಿಲ್ದಾಣದ ಪೂರ್ವಕ್ಕೆ, ನೇರವಾಗಿ ನ್ಯೂಜಿಲೆಂಡಿನವರ ತಲೆ ಮೇಲೆ. ಗಾಳಿಯಲ್ಲೇ ಎಷ್ಟೋ ಜನ ಸತ್ತರು. ಇಳಿದವರು ಪೆಟ್ಟಿಗೆ ಮುಟ್ಟೋ ಮೊದಲೇ ಸತ್ತರು. ಬೆಟಾಲಿಯನ್‌ನಲ್ಲಿದ್ದ 600 ಜನರಲ್ಲಿ ಸುಮಾರು 400 ಜನ ಆ ಒಂದೇ ದಿನ ಹೋದರು, ಕಮಾಂಡರ್ ಸಮೇತ. ಹಾಗಿದ್ರೂ ಮಾಲೆಮೆ ಜರ್ಮನ್ನರ ಕೈಗೆ ಸಿಕ್ಕಿತು, ಹತ್ತು-ಹನ್ನೆರಡು ದಿನದಲ್ಲಿ ದ್ವೀಪವೂ ಸಿಕ್ಕಿತು. ಒಟ್ಟು ನಷ್ಟ ನೋಡಿದ ಹಿಟ್ಲರ್ ಪ್ಯಾರಾಟ್ರೂಪರ್‌ಗಳ ಕಾಲ ಮುಗೀತು ಅಂದ. ಅಷ್ಟು ದೊಡ್ಡ ಜಿಗಿತ ಅವರು ಮತ್ತೆ ಮಾಡಲೇ ಇಲ್ಲ.

ಎರಡನೇ ಕಾಗದ ಐರನ್ ಕ್ರಾಸ್ ಎರಡನೇ ದರ್ಜೆ, 1941ರ ಜೂನ್. ಮೂರನೇದು ಬಡ್ತಿ. ಬಡ್ತಿ ಕಾಗದದಲ್ಲಿ ಎರಡು ತಾರೀಖು ಇರ್ತವೆ, ಸಹಿ ಹಾಕಿದ ದಿನ ಮತ್ತು ಬಡ್ತಿ ಜಾರಿಗೆ ಬರೋ ದಿನ. ನಿಮ್ಮ ಇನ್‌ಕ್ರಿಮೆಂಟ್ ಲೆಟರ್ ತೆಗೆದು ನೋಡಿ, ಅದೇ ಎಫೆಕ್ಟಿವ್ ಡೇಟ್. ಮೊದಲ ಸಲ ಓದಿದಾಗ ನಗು ಬಂತು, ಎಲ್ಲ ಕಡೆ ಎಚ್‌ಆರ್ ಒಂದೇ ಅಂತ. ಆಮೇಲೆ ನಗು ಹೋಯ್ತು. ಅವನ ಮೇಲಿದ್ದ ಮೂರರಲ್ಲಿ ಇಬ್ಬರು ಸತ್ತ ಬೆಟಾಲಿಯನ್ ಅದು, ಜಾಗ ಖಾಲಿಯಾಗಿತ್ತು.

ನಾಲ್ಕನೇದೇ ದುಬಾರಿ ಕಾಗದ, ಎಲ್ಲರೂ ಹುಡುಕೋದು ಅದನ್ನೇ. 'ಕ್ರೆಟಾ' ತೋಳುಪಟ್ಟಿಯ ಪ್ರಮಾಣಪತ್ರ. ಬಿಳಿ ಬಟ್ಟೆ, ಹಳದಿ ಅಂಚು, ನಡುವೆ ದ್ವೀಪದ ಹೆಸರು. ಎಡ ತೋಳಿಗೆ ಹೊಲಿಸಿಕೊಳ್ಳೋದು. ಇದನ್ನ ಘೋಷಿಸಿದ್ದು 1942ರ ಅಕ್ಟೋಬರ್ 16ರಂದು, ಯುದ್ಧ ಮುಗಿದು ವರ್ಷದ ಮೇಲಾದ ನಂತರ. ಇವನಂಥ ಪ್ಯಾರಾಟ್ರೂಪರ್‌ಗೆ ಸಿಗೋದಕ್ಕೆ ನಿಯಮ ಇತ್ತು: 1941ರ ಮೇ 20ರಿಂದ 27ರ ಒಳಗೆ ಪ್ಯಾರಾಶೂಟ್‌ನಲ್ಲೋ ಗ್ಲೈಡರ್‌ನಲ್ಲೋ ದ್ವೀಪದ ಮೇಲೆ ಇಳಿದಿರಬೇಕು. ನನ್ನ ಟೇಬಲ್ ಮೇಲೆ ಈ ಕಾಗದ ಇಟ್ಟುಕೊಂಡು ತಿಂಗಳುಗಟ್ಟಲೆ ಖುಷಿಪಟ್ಟಿದ್ದೀನಿ. ಅದನ್ನ ಈಗ ಮುಚ್ಚಿಡಲ್ಲ. ಮೇ 27 ಅನ್ನೋದು ನನಗೆ ಬರೀ ಒಂದು ನಿಯಮವಾಗಿತ್ತು.

ಆಮೇಲೆ ಒಂದು ದಿನ 3ನೇ ಬೆಟಾಲಿಯನ್ ಮುಂದೇನಾಯ್ತು ಅಂತ ಓದೋಕೆ ಕೂತೆ.

ಕ್ರೀಟ್‌ನ ಹಳ್ಳಿ ಜನ ಸುಮ್ಮನಿರಲಿಲ್ಲ. ಹಳೇ ಬಂದೂಕು, ಕೊಡಲಿ, ಕುಡುಗೋಲು ಹಿಡಿದು ಪ್ಯಾರಾಟ್ರೂಪರ್‌ಗಳ ಮೇಲೆ ಬಿದ್ದಿದ್ದರು. ಮೇ 31ರಂದು ಸ್ಟುಡೆಂಟ್ ಸೇಡಿನ ಆದೇಶ ಹೊರಡಿಸಿದ. ಜೂನ್ 2ರಂದು ಮಾಲೆಮೆ ಹತ್ತಿರದ ಕೊಂಡೊಮಾರಿ ಅನ್ನೋ ಹಳ್ಳಿಗೆ ಟ್ರಕ್ಕುಗಳು ಬಂದವು. ಬಂದವರು 3ನೇ ಬೆಟಾಲಿಯನ್‌ನವರು, ಮುಂದಾಳು ಹೋರ್ಸ್ಟ್ ಟ್ರೇಬ್ಸ್, ಆ ಬೆಟಾಲಿಯನ್‌ನಲ್ಲಿ ಬದುಕಿ ಉಳಿದ ಅಧಿಕಾರಿ. ಊರವರನ್ನೆಲ್ಲ ಚೌಕಕ್ಕೆ ಕರೆತಂದು, ಹೆಂಗಸರು ಮಕ್ಕಳನ್ನ ಬೇರೆ ಮಾಡಿ, ಗಂಡಸರನ್ನ ಆಲಿವ್ ತೋಟಕ್ಕೆ ನಡೆಸಿ ಗುಂಡು ಹಾರಿಸಿದರು. ಜರ್ಮನ್ ದಾಖಲೆಯಲ್ಲಿ 23 ಜನ, ಬೇರೆ ಲೆಕ್ಕದಲ್ಲಿ 60ರ ಹತ್ತಿರ. ಮಾರನೇ ದಿನ ಕಾಂಡಾನೋಸ್ ಅನ್ನೋ ಊರನ್ನೇ ನೆಲಸಮ ಮಾಡಿ, ಇಲ್ಲಿ ಕಾಂಡಾನೋಸ್ ಇತ್ತು ಅಂತ ಬೋರ್ಡ್ ನೆಟ್ಟರು.

ಟ್ರೇಬ್ಸ್‌ಗೆ ಜುಲೈ 9ರಂದು ನೈಟ್ಸ್ ಕ್ರಾಸ್ ಸಿಕ್ಕಿತು, ಕ್ರೀಟ್ ಯುದ್ಧದ ಶೌರ್ಯಕ್ಕೆ. ಕೊಂಡೊಮಾರಿಯಾಗಿ ಐದು ವಾರ ಎರಡು ದಿನ. ಸ್ಟುಡೆಂಟ್‌ನನ್ನ ಯುದ್ಧ ಮುಗಿದ ಮೇಲೆ 1946ರಲ್ಲಿ ಬ್ರಿಟಿಷ್ ಸೈನಿಕ ನ್ಯಾಯಾಲಯ ವಿಚಾರಣೆ ಮಾಡಿತು, ಆದ್ರೆ ಕ್ರೀಟ್‌ನಲ್ಲಿ ಸೆರೆಸಿಕ್ಕ ಸೈನಿಕರನ್ನ ನಡೆಸಿಕೊಂಡ ಬಗ್ಗೆ ಮಾತ್ರ. ಐದು ವರ್ಷದ ಶಿಕ್ಷೆ ಅಂತ ಆಯ್ತು, ಮೇಲಿನವರು ಅದನ್ನ ಅನುಮೋದಿಸಲಿಲ್ಲ. ಹಳ್ಳಿಗಳ ಲೆಕ್ಕ ಅಲ್ಲಿ ಬರಲೇ ಇಲ್ಲ.

ಇದೆಲ್ಲ ಇಷ್ಟು ವಿವರವಾಗಿ ಗೊತ್ತಿರೋದಕ್ಕೆ ಒಬ್ಬ ಕಾರಣ. ಫ್ರಾನ್ಸ್ ಪೇಟರ್ ವೈಕ್ಸ್ಲರ್, ಜರ್ಮನ್ ಸೇನೆಯದ್ದೇ ಫೋಟೋಗ್ರಾಫರ್. ಟ್ರೇಬ್ಸ್ ಜೊತೆ ಆ ಟ್ರಕ್ಕಿನಲ್ಲಿ ಹೋದ, ಬೇಡ ಅಂತ ಹೇಳಿ ನೋಡಿದ, ಆಗಲಿಲ್ಲ, ಫೋಟೋ ತೆಗೆದ. ಜನ ಚೌಕದಲ್ಲಿ ಸೇರಿದ್ದು, ತೋಟಕ್ಕೆ ನಡೆದದ್ದು, ಬಂದೂಕು ಎತ್ತಿದ್ದು, ಆಮೇಲಿನದ್ದು. ಆ ಫೋಟೋ ಹೊರಗೆ ಬಿಟ್ಟ ಅಂತ ಮುಂದೆ ಅವನನ್ನ ದೇಶದ್ರೋಹದ ಆರೋಪದಲ್ಲಿ ಬಂಧಿಸಿದರು. 1945ರ ನವೆಂಬರ್‌ನಲ್ಲಿ ಗೋರಿಂಗ್ ವಿಚಾರಣೆಗಾಗಿ ಲಿಖಿತ ಹೇಳಿಕೆ ಕೊಟ್ಟ. ನೆಗೆಟಿವ್‌ಗಳು ಜರ್ಮನಿಯ ಬುಂಡೆಸ್‌ಆರ್ಖಿವ್‌ನಲ್ಲಿ ಸುಮ್ಮನೆ ಬಿದ್ದಿದ್ದವು. 1980ರಲ್ಲಿ ಒಬ್ಬ ಗ್ರೀಕ್ ಪತ್ರಕರ್ತ ಹುಡುಕಿ ತೆಗೆದ.

ಅವತ್ತು ರಾತ್ರಿ ಎರಡು ಗಂಟೆವರೆಗೆ ಆ ಫೋಟೋಗಳನ್ನ ಜೂಮ್ ಮಾಡಿ ಮಾಡಿ ನೋಡಿದೆ. ಸೈನಿಕರ ಮುಖಗಳು ಸ್ಪಷ್ಟವಾಗಿ ಕಾಣ್ತವೆ. ಬಿಸಿಲಿಗೆ ತೋಳು ಮಡಚಿದ್ದಾರೆ, ಹುಡುಗರು. ಆದ್ರೆ ನನ್ನ ಹತ್ತಿರ ಅವನ ಮುಖ ಇಲ್ಲ. ಫೋಟೋ ಇರೋದು ಸೋಲ್ಡ್‌ಬುಖ್‌ನಲ್ಲಿ, ಸೈನಿಕ ಜೇಬಲ್ಲಿ ಇಟ್ಟುಕೊಳ್ಳೋ ಪುಟ್ಟ ಪುಸ್ತಕ. ಅದು ಆ ಫೋಲ್ಡರ್‌ನಲ್ಲಿ ಇರಲೇ ಇಲ್ಲ. ಲೆಕ್ಕ ನೋಡಿ: 600ರಲ್ಲಿ 400 ಸತ್ತರು, ಉಳಿದ 200ರಲ್ಲಿ ಗಾಯಾಳುಗಳು ಎಷ್ಟೋ. ಜೂನ್ 2ರಂದು ಕಾಲ ಮೇಲೆ ನಿಂತಿದ್ದವರು ತುಂಬಾ ಕಡಿಮೆ. ಅವರಲ್ಲಿ ಇವನಿದ್ದನಾ?

ಈಗ ಆ ಅಗ್ಗದ ಕಾಗದ ನೆನಪು ಮಾಡ್ಕೊಳ್ಳಿ.

ಗಾಯದ ಬ್ಯಾಡ್ಜಿನಲ್ಲಿ ಮೂರು ಬಗೆ. ಒಂದೆರಡು ಗಾಯಕ್ಕೆ ಕಪ್ಪು, ಮೂರು-ನಾಲ್ಕಕ್ಕೆ ಬೆಳ್ಳಿ, ಐದು ದಾಟಿದರೆ ಚಿನ್ನದ ಬಣ್ಣ. ಕಪ್ಪು ಬೇಕಾದಷ್ಟು ಸಿಗುತ್ತೆ, ಅದಕ್ಕೇ ಅಗ್ಗ. ಆದ್ರೆ ಆ ಕಾಗದದಲ್ಲಿ ಬೇರೆ ಯಾವುದರಲ್ಲೂ ಇಲ್ಲದ ಒಂದು ಸಾಲು ಇರುತ್ತೆ: ಇಂಥಾ ದಿನ ಆದ ಗಾಯಕ್ಕಾಗಿ. 1941ರ ಮೇ 20 ಅಥವಾ 21 ಅಂತ ಇದ್ದರೆ, ಜೂನ್ 2ರ ಹೊತ್ತಿಗೆ ಅವನು ಅಥೆನ್ಸ್‌ನ ಯಾವುದೋ ಆಸ್ಪತ್ರೆ ಮಂಚದ ಮೇಲೆ ಇದ್ದಿರಬಹುದು. ಬೇರೆ ವರ್ಷ ಇದ್ದರೆ, ಇಲ್ಲ.

ಮೊದಲ ಶನಿವಾರ ತೆಗೆದ ಫೋಟೋ ಇತ್ತಲ್ಲ. ಫೋನ್ ಬದಲಾಗಿತ್ತು, ಹಳೇ ಬ್ಯಾಕಪ್‌ನಿಂದ ತೆಗೆದೆ. ಆರು ಕಾಗದ ಬೀಸಣಿಗೆ ಥರ ಹರಡಿವೆ. ಗಾಯದ ಕಾಗದ ಕೆಳಗಿದೆ. ಹೆಸರು ಕಾಣುತ್ತೆ, ದರ್ಜೆ ಕಾಣುತ್ತೆ, ತಾರೀಖಿನ ಸಾಲು ಶುರುವಾಗೋದೂ ಕಾಣುತ್ತೆ. ಅಲ್ಲಿಂದ ಮುಂದಕ್ಕೆ ಅದರ ಮೇಲೆ ಕೂತಿರೋದು ಕ್ರೆಟಾ ತೋಳುಪಟ್ಟಿಯ ಕಾಗದ.

ಸರ್ಕಾರಿ ದಾಖಲೆ ಇರಲ್ವಾ ಅಂತ ಕೇಳ್ತೀರಿ. ಲುಫ್ಟ್‌ವಾಫೆಯ ಹೆಚ್ಚಿನ ಕಡತಗಳನ್ನ 1945ರಲ್ಲಿ ಸೋಲೋ ಹೊತ್ತಿಗೆ ಅವರೇ ಸುಟ್ಟರು. ಬ್ಯಾಕಪ್ ಇಲ್ಲದ ಪ್ರೊಡಕ್ಷನ್ ಸರ್ವರ್ ಹೋದ ಹಾಗೆ. ಅದಕ್ಕೇ ಒಬ್ಬ ಸಾಮಾನ್ಯ ಪ್ಯಾರಾಟ್ರೂಪರ್ ವಿಷಯದಲ್ಲಿ ಅವನ ಮನೆಯ ಡ್ರಾಯರ್‌ನಲ್ಲಿ ಉಳಿದ ಕಾಗದಗಳಿಗೆ ಇಷ್ಟು ಬೆಲೆ. ಬರ್ಲಿನ್‌ನಲ್ಲಿ ಮಾತ್ರ ಒಂದು ಕಾರ್ಡ್ ಸಂಗ್ರಹ ಉಳಿದಿದೆ. ಸತ್ತವರು, ಗಾಯಗೊಂಡವರು, ಸೆರೆಯಾದವರ ಮಾಹಿತಿ ಇಡೋಕೆ 1939ರಲ್ಲಿ ಶುರುವಾದ ಕಚೇರಿ, 1.8 ಕೋಟಿಗೂ ಹೆಚ್ಚು ಕಾರ್ಡ್. 2019ರಿಂದ ಅದು ಬುಂಡೆಸ್‌ಆರ್ಖಿವ್‌ನ ಭಾಗ. ಬರೆದು ಕೇಳಿದೆ. ವರ್ಷದ ಹತ್ತಿರ ಕಾದ ಮೇಲೆ ಉತ್ತರ ಬಂತು: 1944ರಲ್ಲಿ ಇಟಲಿಯಲ್ಲಿ ಗಾಯವಾದದ್ದು ದಾಖಲಾಗಿದೆ. 1941ರ ಬಗ್ಗೆ ಕಾರ್ಡಿನಲ್ಲಿ ಏನೂ ಇಲ್ಲ. ಕಪ್ಪು ಬ್ಯಾಡ್ಜ್ ಎರಡು ಗಾಯದವರೆಗೂ ಸಿಗುತ್ತೆ ಅನ್ನೋದನ್ನ ಮರೀಬೇಡಿ. ನಾನಂತೂ ಮರೆತಿಲ್ಲ.

ಐದನೇ ಕಾಗದ ಇಟಲಿಯದ್ದೇ, 1944, ಫೆಲ್ಡ್‌ವೇಬಲ್ ಅಂತ ಇನ್ನೊಂದು ಬಡ್ತಿ. ಇಟಲಿ ಅಂದ್ರೆ ನಮ್ಮವರೂ ಅಲ್ಲಿದ್ದರು. 1943ರ ಡಿಸೆಂಬರ್‌ನಲ್ಲಿ ವಿಲ್ಲಾ ಗ್ರಾಂಡೆ ಅನ್ನೋ ಊರಲ್ಲಿ 8ನೇ ಇಂಡಿಯನ್ ಡಿವಿಷನ್ ಈ ಪ್ಯಾರಾಟ್ರೂಪರ್‌ಗಳ ಜೊತೆ ಮನೆ ಮನೆಗೂ ಹೊಡೆದಾಡಿತು. ಮುಂದೆ 1944ರ ಮಾರ್ಚ್‌ನಲ್ಲಿ ಮೊಂಟೆ ಕಾಸಿನೋ ಬೆಟ್ಟದಲ್ಲಿ 4ನೇ ಇಂಡಿಯನ್ ಡಿವಿಷನ್‌ನ ಗೂರ್ಖಾಗಳು ಅದೇ ಪ್ಯಾರಾಟ್ರೂಪರ್‌ಗಳ ಕಣ್ಣೆದುರಿಗೆ ವಾರದ ಮೇಲೆ ಒಂದು ಬಂಡೆಗೆ ಅಂಟಿಕೊಂಡು ಕೂತಿದ್ದರು. 8ನೇ ಡಿವಿಷನ್‌ನಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಬೆಟಾಲಿಯನ್ ಒಂದಿತ್ತು. ಆ ರೆಜಿಮೆಂಟಿನ ಕೇಂದ್ರ ಇರೋದು ಬೆಳಗಾವಿಯಲ್ಲಿ. ಪುಣೆಯಿಂದ ಊರಿಗೆ ರಾತ್ರಿ ಬಸ್ ಹತ್ತಿದ್ರೆ ನಾವು ನಿದ್ದೆಗಣ್ಣಲ್ಲಿ ದಾಟೋ ಊರು. ಮುಂಬೈಯಿಂದ ಉಡುಪಿ ಕಡೆ ಕಾರಲ್ಲಿ ಹೋಗೋರು ಮಾಣಗಾಂವ್‌ನಲ್ಲಿ ಚಹಾಕ್ಕೆ ನಿಲ್ಲಿಸ್ತಾರಲ್ಲ, ಅಲ್ಲಿ ಯಶವಂತ ಘಾಡ್ಗೆ ಪ್ರತಿಮೆ ಇದೆ. ಇದೇ ರೆಜಿಮೆಂಟಿನ ನಾಯಕ್, 1944ರ ಜುಲೈ 10ರಂದು ಇಟಲಿಯಲ್ಲಿ ಸತ್ತು ವಿಕ್ಟೋರಿಯಾ ಕ್ರಾಸ್ ಪಡೆದವನು. ಅವನ ಜೊತೆಗಿದ್ದವರ ಕಾಗದಗಳು ಯಾವ ಹಳ್ಳಿಯ ಯಾವ ಟ್ರಂಕಿನಲ್ಲಿ ಗೆದ್ದಲು ಹಿಡೀತಿವೆಯೋ. ಅದನ್ನ ಹುಡುಕೋಕೆ ಯಾರೂ ಸಂತೆಗೆ ಬರಲ್ಲ, ಯಾಕಂದ್ರೆ ಅದಕ್ಕೆ ರೇಟು ಇಲ್ಲ.

ನನಗೆ ಕೋಪ ಇರೋದು ಇಲ್ಲೇ. ಒಬ್ಬನ ಕಾಗದಗಳನ್ನ ಬಿಡಿಸಿ ಮಾರಿದ್ರೆ ಲಾಭ ಹೆಚ್ಚು. ತೋಳುಪಟ್ಟಿ ಕೊಳ್ಳೋನು ತೋಳುಪಟ್ಟಿಗಳನ್ನ ಮಾತ್ರ ಸಾಲಾಗಿ ಜೋಡಿಸ್ತಾನೆ, ಗೋಡೆಗೆ ಫ್ರೇಮ್ ಹಾಕ್ತಾನೆ. ಆ ಗೋಡೆಯಲ್ಲಿ ಮೇ 27ಕ್ಕೆ ಕ್ರೀಟ್ ಮುಗಿದುಹೋಗುತ್ತೆ. ನನ್ನ ಗೋಡೆಯಲ್ಲೂ ಹಾಗೇ ಇತ್ತು. ಈಗ ಫ್ರೇಮ್ ಇಳಿಸಿ ಎಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದೀನಿ. ಅದೇ ಫೈಲಿನಲ್ಲಿ ವೈಕ್ಸ್ಲರ್ ಫೋಟೋಗಳ ಪ್ರಿಂಟ್ ಇದೆ, ಬರ್ಲಿನ್ ಪತ್ರ ಇದೆ. ಹೆಂಡತಿ ಒಂದು ಸಲ ಪೂರ್ತಿ ಓದಿದಳು. "ಮಾರಬೇಡಿ, ಹೊರಗೂ ಇಡಬೇಡಿ" ಅಂದಳು. ಬೀರುವಿನ ಮೇಲಿನ ಅರೆಯಲ್ಲಿದೆ, ದೇವರ ಕೋಣೆಯಿಂದ ದೂರ.

ಆರನೇ ಕಾಗದಕ್ಕೆ ಒಂದು ಖಾಲಿ ಪ್ಲಾಸ್ಟಿಕ್ ಕವರ್ ಬಿಟ್ಟಿದ್ದೀನಿ. ಪ್ರತಿ ಭಾನುವಾರ ಬೆಳಿಗ್ಗೆ, ಇಡ್ಲಿ ಹಿಟ್ಟು ಉಬ್ಬೋದು ಕಾಯ್ತಾ, ಹರಾಜು ಪಟ್ಟಿಗಳಲ್ಲಿ ಆ ಹೆಸರು ಹುಡುಕ್ತೀನಿ. ನಿಮ್ಮಲ್ಲಿ ಯಾರಾದರೂ ಆನ್‌ಸೈಟ್ ಹೋಗಿ, ಯಾವುದಾದ್ರೂ ಸಂತೆಯಲ್ಲಿ ಕಪ್ಪು ಗಾಯದ ಬ್ಯಾಡ್ಜಿನ ಕಾಗದ ಕಂಡು, ಅದರಲ್ಲಿ ಓಬರ್‌ಯೇಗರ್ ಅಂತ ದರ್ಜೆ ಇದ್ದರೆ, ನನಗೆ ಒಂದು ಮೆಸೇಜ್ ಹಾಕಿ, ಹೆಸರು ತಾಳೆ ನೋಡ್ತೀನಿ. ಕೊಳ್ಳೋದು ಬೇಡ. ಆ ಸಾಲು ಕಾಣೋ ಹಾಗೆ ಒಂದು ಫೋಟೋ ತೆಗೀರಿ, ಮೇಲೆ ಬೇರೆ ಕಾಗದ ಇದ್ದರೆ ಪಕ್ಕಕ್ಕೆ ಸರಿಸಿ. ನನಗೆ ತಾರೀಖು ಸಾಕು.